ನಲವತ್ತೈದರಲ್ಲಿ ಸವೆದ ಜಾಗ

ಈ ಸಂಗತಿಯನ್ನು ಈಗಾಗಲೇ ಐದಾರು ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಕಾರು ಇನ್ನಷ್ಟು ಜೋರಾಗಿ ಮುಗ್ಗರಿಸಿದೆ. ಮೊದಲ ಸಲ ಅದು ಬರೀ ಬಿಕ್ಕಳಿಸಿತ್ತು. ಮೂರನೆಯ ಸಲಕ್ಕೆ ಕೊರಳು ಕೊಡವುವ ಹೋರಿಯಾಗಿತ್ತು. ಕಳೆದ ತಿಂಗಳು ಒಂದು ಮದುವೆಯ ಪಂಕ್ತಿಯಲ್ಲಿ ಹೇಳುವಾಗ ಅಕ್ಕನ ತಲೆ ಕಾರಿನ ಚಾವಣಿಗೆ ಬಡಿದೇಬಿಟ್ಟಿತು. ಅಕ್ಕ ಅದೇ ಪಂಕ್ತಿಯಲ್ಲಿ ನನ್ನೆದುರಿಗೇ ಕೂತಿದ್ದಳು. "ನನ್ನ ತಲಿ ಎಲ್ಲೂ ಬಡದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅನ್ನ ಕಲಸತೊಡಗಿದಳು. ಆದ್ದರಿಂದ ಇದು ಇನ್ನೂ ಚೆಂದವಾಗುವ ಮೊದಲೇ ಬರೆದಿಡುತ್ತಿದ್ದೇನೆ.

ಖಚಿತವಾದುದನ್ನು ಮೊದಲು ಹೇಳಿಬಿಡುತ್ತೇನೆ, ಅದು ಸ್ವಲ್ಪವೇ ಇದೆ. ಕಾರು ನನ್ನದು, ಹಳೆಯದು, ಪೆಟ್ರೋಲಿನದು. ನಾನೂ ಅಕ್ಕನೂ ಇರುವುದು ಇಂಡಿ ಎಂಬ ಊರಿನಲ್ಲಿ, ಎರಡು ಓಣಿಗಳ ಅಂತರದಲ್ಲಿ. ಅಕ್ಕನ ಒಬ್ಬಳೇ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದೆ. ಅವಳಿಗೆ ಏಳನೇ ತಿಂಗಳು, ಭಾನುವಾರ ಬೆಳಿಗ್ಗೆ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ಕುಬಸಕ್ಕೆ ಬಸುರಿಯ ತಾಯಿ ಬುತ್ತಿ ಕಟ್ಟಿಕೊಂಡು ಹೋಗಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಮೂರು ಬಗೆಯ ಚಟ್ನಿ ಹಿಂಡಿ, ಗಡಿಗೆ ತುಂಬ ಗಟ್ಟಿ ಮೊಸರು. ಅದನ್ನು ತಾಯಿಯೇ ಹೊತ್ತು ಹೊಸ್ತಿಲು ದಾಟಿಸಬೇಕು. "ಮತ್ತೊಬ್ಬರ ಕೈಲೆ ಕಳಿಸಿದ್ರ ಅದು ಬುತ್ತಿ ಅಲ್ಲ, ಪಾರ್ಸಲ್" ಎನ್ನುತ್ತಾಳೆ ಅಕ್ಕ.

ಅಕ್ಕನಿಗೆ ಬಸ್ಸು ಆಗದು, ವಾಂತಿ ಬರುತ್ತದೆ. ಮಗಳ ಮನೆಯ ಗೃಹಪ್ರವೇಶದ ಹೊತ್ತಿಗೆ ನಾನು ಊರಲ್ಲಿರಲಿಲ್ಲ. ಬಸ್ಸಿನಲ್ಲಿ ಹೊರಟವಳು ಸಿಂದಗಿಯಲ್ಲೇ ಇಳಿದು, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದು ತಾಸು ಕಣ್ಣು ಮುಚ್ಚಿ ಕೂತು, ಹಾಗೇ ಯಾರದೋ ಟಂಟಂ ಆಟೋ ಹತ್ತಿ ಮನೆಗೆ ಬಂದಿದ್ದಳು. ಹೊಸ ಮನೆಯಲ್ಲಿ ಹಾಲುಕ್ಕಿದ್ದನ್ನು ಫೋನಿನಲ್ಲಿ ನೋಡಿದಳು. ಬಾಡಿಗೆ ಕಾರಿನವರು ತೊಂಬತ್ತರಲ್ಲಿ ಹೊಡೆಯುತ್ತಾರೆ, ಅದೂ ಬೇಡ. ಅವಳು ಹತ್ತುವುದು ನನ್ನ ಕಾರು ಮಾತ್ರ. ಏಕೆಂದರೆ ನಾನು ನಲವತ್ತೈದು ದಾಟುವುದಿಲ್ಲ. ಹನ್ನೊಂದು ವರ್ಷದಿಂದ ಹಾಗೆಯೇ: ಅವಳ ಕೈಯಲ್ಲೊಂದು ನಿಂಬೆಹಣ್ಣು, ಮುಳ್ಳು ನಲವತ್ತೈದರಲ್ಲಿ.

ಕುಬಸಕ್ಕೆ ಹದಿನೈದು ದಿನವಿದ್ದಾಗ ಕಾರಿಗೆ ರೋಗ ಹತ್ತಿತು. ನಲವತ್ತೈದು ಮುಟ್ಟಿದ ಕೂಡಲೇ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ತಡೆದು, ಮತ್ತೆ ಬಿಟ್ಟ ಹಾಗೆ ಮುಂದಕ್ಕೆ ಚಿಮ್ಮುತ್ತಿತ್ತು. ತಡೆ, ಚಿಮ್ಮು, ತಡೆ, ಚಿಮ್ಮು. ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆಯ ದೀಪವೂ ಇಲ್ಲ. ಇಂಡಿಯ ನಮ್ಮ ಮೆಕ್ಯಾನಿಕ್ಕು "ಮಿಸ್ಸಿಂಗ್ ಹೊಡೀತಿರಬೇಕು" ಎಂದು ಪ್ಲಗ್ಗು ಬದಲಿಸಿದ. ಆಮೇಲೆ ಪೆಟ್ರೋಲಿನ ಫಿಲ್ಟರು. ಆಮೇಲೆ ಅವನು ನನ್ನನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋಗತೊಡಗಿದ.

ಸಿಂದಗಿಯಲ್ಲಿ ಒಬ್ಬರ ಬಳಿ ಕಾರಿನ ದೋಷ ತೋರಿಸುವ ಸ್ಕ್ಯಾನರ್ ಇದೆ ಎಂದು ತಿಳಿದು ಅಲ್ಲಿಗೆ ಒಯ್ದೆ. ದೊಡ್ಡ ಗ್ಯಾರೇಜು, ನೆಲದ ಮೇಲೆ ಎಣ್ಣೆಯ ಕಲೆ ಕೂಡ ಸಾಲಾಗಿತ್ತು. ಮಾಲೀಕರು ಕುರ್ಚಿ ಒರೆಸಿ ಹಾಕಿದರು.

"ಕುಂದರ್ರಿ ಸರ. ಚಾ ತರಸೇನಿ."

"ನಾನೂ ಜೊತೆಗೆ ಬರ್ತೀನ್ರಿ, ಓಡಿಸಿ ತೋರಸ್ತೀನಿ."

"ಛೇ ಛೇ, ನೀವ್ಯಾಕ ತ್ರಾಸ್ ತಗೋತೀರಿ? ನೀವು ಚಾ ಕುಡೀರಿ. ನಾ ಒಂದ ರೌಂಡ್ ಹೊಡಕೊಂಡ ಬರ್ತೇನಿ."

ಹೊಡೆದುಕೊಂಡೇ ಬಂದರು. ಕಾರು ಗ್ಯಾರೇಜಿನ ಗೇಟು ದಾಟುವಾಗಲೇ ನನ್ನ ಕಾರು ಇಷ್ಟು ಜೋರಾಗಿ ಓಡಬಲ್ಲದು ಎನ್ನುವುದು ನನಗೆ ಮೊದಲ ಸಲ ಗೊತ್ತಾಯಿತು. ಚಹಾ ಮುಗಿಯುವುದರೊಳಗೆ ಮರಳಿ ಬಂದು ಕೀಲಿ ನನ್ನ ಕೈಗಿಟ್ಟರು.

"ಬೆಣ್ಣಿ ಆಗೇತ್ರಿ ಗಾಡಿ. ಎಂಬತ್ತರಾಗ ಒಂದ ಸಲ ಕೆಮ್ಮಲಿಲ್ಲ. ಸ್ಕ್ಯಾನರೂ ಏನೂ ಇಲ್ಲ ಅಂತೈತಿ."

"ಆದ್ರ ಜಗ್ಗತೈತಲ್ರಿ..."

"ಸರ, ಸಿಟ್ಟಾಗಬ್ಯಾಡ್ರಿ. ಗಾಡಿ ಚೆಕ್ ಆತು. ಇನ್ನ ಡ್ರೈವರ್‌ನ ಚೆಕ್ ಮಾಡಸ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾ ಕುಡಿದ ಮೇಲೆ ನಗಲೇಬೇಕಾಗುತ್ತದೆ. ಇಂಡಿಯಲ್ಲೂ ಹೀಗೇ ಆಗಿತ್ತು: ಕುರ್ಚಿ, ಚಹಾ, ಅವನ ರೌಂಡು, ಏನೂ ಸಿಗಲಿಲ್ಲ. ನಮ್ಮ ಭಾಗದ ಯಾವ ಮೆಕ್ಯಾನಿಕ್ಕೂ ಬಂದ ಗಿರಾಕಿಗೆ ಗಾಡಿ ಓಡಿಸಲು ಬಿಟ್ಟು ತಾನು ಪಕ್ಕಕ್ಕೆ ಕೂರುವುದಿಲ್ಲ, ಅದು ಮರ್ಯಾದೆಯಲ್ಲ. ಈ ಮರ್ಯಾದೆಯೇ ರೋಗವನ್ನು ಬಚ್ಚಿಡುತ್ತಿದೆ ಎನ್ನುವುದು ನನಗೆ ಆಗಲೇ ಹೊಳೆಯಿತು ಎಂದು ಬರೆಯಬಹುದಿತ್ತು. ಹೊಳೆದಿರಲಿಲ್ಲ. ನನ್ನ ಕಾಲಿನಲ್ಲೇ ಏನೋ ಐಬಿದೆ ಎಂದು ನಂಬಿಕೊಂಡು ಮನೆಗೆ ಬಂದೆ. ಎರಡು ದಿನ ಚಪ್ಪಲಿ ಬದಲಿಸಿಯೂ ನೋಡಿದೆ.

ಶನಿವಾರ ಮುಂಜಾನೆ ಹೊರಟೆವು. ಭಾವ ಹಂದರದ ಕೆಲಸಕ್ಕೆಂದು ಎರಡು ದಿನ ಮೊದಲೇ ಬಸ್ಸಿನಲ್ಲಿ ಹೋಗಿದ್ದರು. ಹಿಂದಿನ ಸೀಟಿನಲ್ಲಿ ಬಿಳಿ ಅರಿವೆ ಕಟ್ಟಿದ ನಾಲ್ಕು ಬುಟ್ಟಿ, ಮುಂದೆ ಅಕ್ಕ, ಅವಳ ತೊಡೆಯ ಮೇಲೆ ಮೊಸರಿನ ಗಡಿಗೆ. ಕೊಲ್ಹಾರದ ಮೊಸರು ತಂದು ಅದರದೇ ಹೆಪ್ಪು ಹಾಕಿದ್ದಳು. ಬುಟ್ಟಿಯ ಮೂಲೆಯಲ್ಲಿ ದೃಷ್ಟಿಗೆಂದು ಒಂದು ತುಂಡು ಇದ್ದಿಲು. ಹೊರ್ತಿಯ ಹಾದಿ ಹಿಡಿದು ಹೈವೇಗೆ ಬೀಳಬಹುದಿತ್ತು. ಆದರೆ ನಲವತ್ತೈದರವನಿಗೆ ಹೈವೇ ಇಲ್ಲ, ಲಾರಿಗಳು ಹಿಂದಿನಿಂದ ಅವನ ವಂಶವನ್ನೆಲ್ಲ ವಿಚಾರಿಸುತ್ತವೆ. ಸಿಂದಗಿಯ ಮೇಲೆ ಹಾಯ್ದು ಬಾಗೇವಾಡಿಗೆ, ಅಲ್ಲಿಂದ ಮುದ್ದೇಬಿಹಾಳಕ್ಕೆ ಎಂದು ಲೆಕ್ಕ ಹಾಕಿದ್ದೆ.

ಸಿಂದಗಿ ದಾಟುವವರೆಗೆ ಜಗ್ಗಿದ್ದು ಕಡಿಮೆ. ಆಮೇಲೆ ರಸ್ತೆ ಸಪಾಟಾಯಿತು, ಎರಡೂ ಕಡೆ ತೊಗರಿ. ಮಾತು ಶುರುವಾಯಿತು, ಕಾಲು ತನ್ನ ಪಾಡಿಗೆ ನಲವತ್ತೈದಕ್ಕೆ ಹೋಗಿ ಕೂತಿತು. ತಡೆ, ಚಿಮ್ಮು. ಅಕ್ಕ ಗಡಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

"ತಮ್ಮಾ, ಇದು ಮೊಸರು. ಮಜ್ಜಿಗಿ ಮಾಡಾಕ ನಾ ನಿನ್ನ ಕಾರು ಹತ್ತಿಲ್ಲ."

"ನಾನೇನು ಬೇಕಂತ ಮಾಡಾಕತ್ತೇನಾ?"

"ಮೂವತ್ತರಾಗ ಹೊಡಿ."

ಮೂವತ್ತರಲ್ಲಿ ಹೊಡೆದೆ. ಅಲ್ಲೂ ಜಗ್ಗಿತು. ಇಪ್ಪತ್ತೈದಕ್ಕಿಳಿಸಿದರೆ ಸೈಕಲ್ಲಿನ ಮೇಲಿದ್ದ ಹಿರಿಯರೊಬ್ಬರು ನಮ್ಮನ್ನು ದಾಟಿ, ತಿರುಗಿ ನೋಡಿ ಹೋದರು. ಮತ್ತೆ ಮಾತು, ಮತ್ತೆ ಕಾಲು ತನ್ನ ಹಳೇ ಜಾಗಕ್ಕೆ. ಹೂವಿನ ಹಿಪ್ಪರಗಿ ಹತ್ತಿರ ಕಾರು ಒಮ್ಮೆ ತಡೆದದ್ದು ಮತ್ತೆ ಚಿಮ್ಮಲಿಲ್ಲ. ನಿಂತೇಬಿಟ್ಟಿತು. ಕೀಲಿ ತಿರುವಿದರೆ ಶುರುವಾಯಿತು, ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಬಾಗೇವಾಡಿ ಮುಟ್ಟುವಷ್ಟರಲ್ಲಿ ಏಳು ಸಲ ನಿಂತಿರಬೇಕು. ಅಕ್ಕ ಮೂರು ಎನ್ನುತ್ತಾಳೆ. ಅವಳು ಕೋಪದಿಂದ ಎಣಿಸಿದ್ದು, ನಾನು ಭಯದಿಂದ ಎಣಿಸಿದ್ದು. ನಿಜ ಇವೆರಡರ ನಡುವೆ ಎಲ್ಲೋ ರಸ್ತೆಯ ಬದಿಗೆ ನಿಂತಿರಬೇಕು.

ಬಾಗೇವಾಡಿಯಲ್ಲಿ ಮೊದಲು ಕಂಡದ್ದು ಒಂದು ಸಣ್ಣ ಅಂಗಡಿ. ಗ್ಯಾರೇಜಲ್ಲ, ಎಲೆಕ್ಟ್ರಿಕಲ್ ಕೆಲಸದ್ದು. ಹೊರಗೆ ಪಂಪ್‌ಸೆಟ್ಟಿನ ಮೋಟರುಗಳು, ಒಳಗೆ ಗೋಡೆಯ ಮೇಲೆ ಹಳೇ ರೇಡಿಯೋಗಳು. ಅಂಗಡಿಯವರು ಅರವತ್ತರ ಆಸುಪಾಸಿನವರು, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದರು. ನಾನು ಎಲ್ಲ ಹೇಳಿದೆ. ಅಕ್ಕ ಕಾರಿನೊಳಗಿಂದಲೇ ನಡುವೆ ಬಾಯಿ ಹಾಕಿ, "ನಾಳೆ ಮುಂಜಾನಿ ಮಗಳ ಕುಬಸ ಐತ್ರಿ. ನಾ ಹೋಗ್ಲಿಲ್ಲಂದ್ರ ಬುತ್ತಿ ಒಳಗ ಹೋಗಂಗಿಲ್ಲ" ಎಂದಳು. ಅವರು ಅಕ್ಕನ ತೊಡೆಯ ಮೇಲಿನ ಗಡಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕುರ್ಚಿಗಾಗಿ ಸುತ್ತ ನೋಡಿದೆ.

"ಕುರ್ಚಿ ಇಲ್ರಿ. ಚಾ ಆಮ್ಯಾಲ. ನೀವ ಓಡಸ್ರಿ, ನಾ ಹಿಂದ ಕುಂದರ್ತೇನಿ. ಅಕ್ಕಾರ, ನೀವು ಇಳೀಬ್ಯಾಡ್ರಿ."

ಬುಟ್ಟಿಗಳ ನಡುವೆ ಮೈ ಮುದುಡಿ ಕೂತರು. "ಇವು ಮುಟ್ಟಬೋದೇನ್ರಿ?" ಎಂದು ಕೇಳಿದರು.

"ಬಸುರಿಗಿಂತ ಮೊದಲ ಯಾರೂ ಮುಟ್ಟಂಗಿಲ್ರಿ" ಎಂದಳು ಅಕ್ಕ. "ವಾಸನಿ ತಗೋರಿ, ಅಡ್ಡಿ ಇಲ್ಲ."

ಊರ ಹೊರಗಿನ ರಸ್ತೆಗೆ ಬಂದೆವು. ಅವರು ಸ್ಪೀಡಾಮೀಟರಿನತ್ತ ನೋಡಲೇ ಇಲ್ಲ, ಎರಡು ಸೀಟುಗಳ ನಡುವಿನಿಂದ ಬಾಗಿ ನನ್ನ ಬಲಗಾಲನ್ನು ನೋಡುತ್ತಿದ್ದರು. ಮನುಷ್ಯನ ಕಾಲನ್ನು ಅಷ್ಟು ಹೊತ್ತು ಯಾರಾದರೂ ನೋಡಿದರೆ ಆ ಕಾಲು ತನ್ನದಲ್ಲ ಅನ್ನಿಸತೊಡಗುತ್ತದೆ. ಅಕ್ಕ ಗಡಿಗೆಯ ಬಾಯಿಗೆ ಕಟ್ಟಿದ ಅರಿವೆ ಸರಿಸಿ ಮೊಸರಿನ ಕೆನೆಯನ್ನೇ ದಿಟ್ಟಿಸಿ ಕೂತಳು. ಸ್ವಲ್ಪ ಹೊತ್ತಿಗೆ ಅವಳು "ಈಗ" ಎಂದಳು. ಕಾರು ತಡೆಯಿತು. ಮತ್ತೆ "ಈಗ". ಮತ್ತೆ ತಡೆಯಿತು. ನನಗೆ ಗೊತ್ತಾಗುವ ಮೊದಲೇ ಅವಳ ಮೊಸರಿಗೆ ಗೊತ್ತಾಗುತ್ತಿತ್ತು.

"ಅಕ್ಕಾರ, ನಿಮ್ಮ ಗಡಿಗಿ ಸ್ಕ್ಯಾನರ್‌ಗಿಂತ ಚಲೋ ಐತಿ" ಎಂದರು ಹಿಂದಿನಿಂದ. "ತಿರುಗಸ್ರಿ ಗಾಡಿ. ಸಿಕ್ತು."

ಅಂಗಡಿಯ ಮುಂದೆ ಬಾನೆಟ್ ಎತ್ತಿದರು. ಇಂಜಿನ್ ಬಂದ್, ಕೀಲಿ ಮಾತ್ರ ಆನ್. ಗಾಳಿ ಒಳಗೆ ಹೋಗುವ ಕೊಳವೆಯ ಬದಿಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕರೀ ಡಬ್ಬಿ, ಅದಕ್ಕೆ ಮೂರು ತಂತಿ. ನಾವು ಪೆಡಲನ್ನು ಎಷ್ಟು ಒತ್ತಿದ್ದೇವೆ ಎನ್ನುವುದನ್ನು ಇಂಜಿನ್ನಿನ ಕಂಪ್ಯೂಟರಿಗೆ ಹೇಳುವುದೇ ಅದರ ಕೆಲಸವಂತೆ. ಅವರು ಅದನ್ನು ಥ್ರಾಟಲ್ ಸೆನ್ಸರ್ ಎಂದರು.

"ಅಕ್ಕಾರ, ಸೀರಿ ಪಿನ್ನ ಒಂದ ಕೊಡ್ರಿ."

ಅಕ್ಕ ಗಡಿಗೆಯನ್ನು ಸೀಟಿನ ಮೇಲಿಟ್ಟು ಇಳಿದು ಬಂದು ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. ಅವರು ಅದನ್ನು ನೆಟ್ಟಗೆ ಮಾಡಿ ನಡುವಿನ ತಂತಿಯ ಪಕ್ಕದಿಂದ ನಾಜೂಕಾಗಿ ತೂರಿಸಿ, ಒಳಗಿನಿಂದ ಒಂದು ಹಳೇ ಮೀಟರು ತಂದು ಪಿನ್ನಿಗೆ ಜೋಡಿಸಿದರು. ಅಂಕಿ ಮೂಡುವಂಥದ್ದಲ್ಲ, ಮುಳ್ಳಿನದು.

"ಇದ್ಯಾಕ್ರಿ, ಹೊಸಾ ಮೀಟರ್ ಇಲ್ಲೇನು?" ಎಂದೆ.

"ಐತಿ. ಅದು ಲೆಕ್ಕದ ಮಾಸ್ತರ್ ಇದ್ದಂಗ, ಎಲ್ಲಾ ಕೂಡಿಸಿ ಸರಾಸರಿ ಹೇಳ್ತೈತಿ. ನಡುವ ಒಂದ ಕ್ಷಣ ಬಿದ್ದದ್ದು ಅದಕ ಕಾಣಂಗಿಲ್ಲ. ಮುಳ್ಳು ಹಂಗಲ್ಲ. ಬಿದ್ರ ಬಿದ್ದೆ ಅಂತೈತಿ. ನೀವು ಒಳಗ ಕುಂತು ಪೆಡಲ್ ಒತ್ರಿ. ನಿಧಾನ. ಬಾಳ ನಿಧಾನ. ಅಕ್ಕಾರ ಮುಳ್ಳು ನೋಡ್ತಾರ."

ನಾನು ಒತ್ತಿದೆ. ಹೊರಗಿನಿಂದ ಅಕ್ಕನ ದನಿ, ಒಲೆಯ ಮೇಲಿನ ಹಾಲು ನೋಡುವವರ ದನಿಯಂತೆ: "ಏರಾಕತ್ತೈತಿ... ಏರಾಕತ್ತೈತಿ... ಏರಾಕ... ಬಿತ್ತು! ಪೂರಾ ಬಿತ್ತು! ಮತ್ತ ಎದ್ದಿತು ನೋಡ್ರಿ!"

"ಇನ್ನೊಮ್ಮೆ."

ಇನ್ನೊಮ್ಮೆ. ಅದೇ ಜಾಗದಲ್ಲಿ ಬಿತ್ತು. ನಾಲ್ಕು ಸಲ ಒತ್ತಿಸಿದರು, ನಾಲ್ಕು ಸಲವೂ ಅದೇ ಜಾಗ. ಆಮೇಲೆ ಜೋರಾಗಿ ಒಮ್ಮೆ ಒತ್ತಿಸಿದರು. ಆಗ ಮುಳ್ಳು ಸರಕ್ಕನೆ ಮೇಲೆ ಹೋಯಿತು, ಬಿದ್ದದ್ದು ಅಕ್ಕನಿಗೂ ಕಾಣಲಿಲ್ಲ. ಸಿಂದಗಿಯವರಿಗೆ ಏಕೆ ಸಿಗಲಿಲ್ಲ ಎಂದು ನಾನು ಕೇಳಬೇಕಾಗಲಿಲ್ಲ.

ಅವರು ಒಳಗಿನಿಂದ ಒಂದು ರೇಡಿಯೋ ತಂದು ಅದರ ಗುಂಡಿ ತಿರುವಿದರು. ಒಂದು ಜಾಗದಲ್ಲಿ ಕರ್ರ್ ಕರ್ರ್ ಎಂದಿತು.

"ಕೇಳಿದ್ರೇನು? ನೀವು ಮನಿಯಾಗ ದಿನಾ ಒಂದ ವ್ಯಾಲ್ಯೂಮಿಗೆ ಇಡ್ತೀರಿ. ಆ ಜಾಗದಾಗ ಒಳಗಿನ ಕರಿ ಪಟ್ಟಿ ಸವೀತೈತಿ. ಇದೂ ಹಂಗ. ನಿಮ್ಮ ಕಾಲು ಪೆಡಲ್ ಮ್ಯಾಲ ಐತಿ. ಇದು ಇಂಜಿನ್‌ಗೆ ಹೇಳ್ತೈತಿ, 'ಸರ ಕಾಲ ತಗದ್ರು' ಅಂತ. ಇಂಜಿನ್ ಪೆಟ್ರೋಲ್ ಬಂದ್ ಮಾಡ್ತೈತಿ. ಅಷ್ಟರಾಗ ಇದು, 'ಇಲ್ಲಿಲ್ಲ, ತಪ್ಪಾತು, ಇಟ್ಟಾರ' ಅಂತೈತಿ. ಇಂಜಿನ್ ಏನ್ ಮಾಡ್ಬೇಕು ಪಾಪ?" ಕನ್ನಡಕ ಸರಿಮಾಡಿಕೊಂಡು ನನ್ನತ್ತ ತಿರುಗಿದರು. "ಒಂದ ಮಾತ ಕೇಳ್ಲೇನ್ರಿ? ನೀವು ಎಷ್ಟ ವರ್ಷಾತು, ಯಾವಾಗ್ಲೂ ಒಂದ ಸ್ಪೀಡಿಗೆ ಹೊಡೀತೀರಲ್ಲ?"

"ಹನ್ನೊಂದು."

"ಗುಡ್ಡದ ಊರಾಗ ಇದ್ದಿದ್ರ ಕಾಲು ಮ್ಯಾಲ ಕೆಳಗ ಆಗ್ತಿತ್ತು. ನಮ್ಮದು ಸಪಾಟ್ ನೆಲ. ಕಾಲು ಇಟ್ಟಲ್ಲೇ ಇಡ್ತೀರಿ. ಸವದ ಜಾಗದ ಮುಂದಕ್ಕ ಪಟ್ಟಿ ಇನ್ನೂ ಹೊಸದರಂಗ ಐತ್ರಿ. ನೀವು ಒಮ್ಮೀನೂ ಅಲ್ಲಿಗೆ ಹೋಗೇ ಇಲ್ಲ."

ಪದೇ ಪದೇ ಮುಟ್ಟಿದ ಜಾಗವೇ ಮೊದಲು ಸುಳ್ಳು ಹೇಳುತ್ತದೆ ಎನ್ನುವುದು ಹೇಳಿದ ಕಥೆಯನ್ನೇ ಹೇಳುವ ನನ್ನಂಥವನಿಗೆ ಹಿತವಾದ ಸುದ್ದಿಯಲ್ಲ. ಹಾಗಂತ ಆಗ ಇದನ್ನೆಲ್ಲ ಯೋಚಿಸಿದೆನೆಂದಲ್ಲ. ಆಗ ಯೋಚಿಸಿದ್ದು, ಹೊಸ ಸೆನ್ಸರ್ ಈಗಲೇ ಸಿಗುತ್ತದೆಯೇ ಎಂದು.

ಸಿಗುವುದಿಲ್ಲ. ಈ ಹಳೇ ಕಾರಿನದು ತರಿಸಬೇಕು, ಬುಧವಾರವಾದರೂ ಆಗುತ್ತದೆ. ತೊಳೆದು ನೋಡಿದರು, ಮುಳ್ಳು ಮತ್ತೆ ಬಿತ್ತು.

"ಹಂಗಾರ ನಾಳೆ?" ಎಂದಳು ಅಕ್ಕ. ಸೆರಗು ಪಿನ್ನಿಲ್ಲದೆ ಜಾರುತ್ತಿತ್ತು. ಅದನ್ನು ಎತ್ತಿ ಸಿಕ್ಕಿಸಿಕೊಂಡು ಹಿಂದಿನ ಸೀಟಿನ ಬುಟ್ಟಿಗಳನ್ನು ನೋಡಿದಳು. ಗೃಹಪ್ರವೇಶದ ದಿನ ಫೋನು ಹಿಡಿದು ಹಾಲುಕ್ಕಿದ್ದನ್ನು ನೋಡಿದಾಗಲೂ ಅವಳ ಮುಖ ಹೀಗೇ ಇತ್ತು.

"ಹೋಗಬೋದ್ರಿ" ಎಂದರು ಅವರು. "ಕೆಟ್ಟದ್ದು ಮೂವತ್ತರಿಂದ ಐವತ್ತರ ನಡುವಿನ ಜಾಗ. ಇಪ್ಪತ್ತರಾಗ ಹೋಗ್ರಿ, ಇಲ್ಲಾಂದ್ರ ಅರವತ್ತರ ಮ್ಯಾಲ ಹೋಗ್ರಿ. ನಡುವಿನ ಜಾಗದಾಗ ನಿಂದರಬ್ಯಾಡ್ರಿ."

"ಇಪ್ಪತ್ತರಾಗ ಹೋದ್ರ ಕೂಸಿನ ಹೆಸರಿಡಾಕ ಮುಟ್ಟತೀವಿ" ಎಂದಳು ಅಕ್ಕ. "ಅರವತ್ತರಾಗ ಹೊಡಿ."

"ನಿನಗ ಆಗಂಗಿಲ್ಲಲ್ಲ?"

"ಏನು ಆಗಂಗಿಲ್ಲ?"

"ವಾಂತಿ. ಕೊಲ್ಹಾರದ ಸೇತುವೆ ಮ್ಯಾಲ..."

ಇದು ನನ್ನ ಬಳಿ ಇರುವ ಅತ್ಯಂತ ಸ್ಪಷ್ಟವಾದ ನೆನಪು. ಕಾರು ಕೊಂಡ ಮೊದಲ ತಿಂಗಳು. ಕೊಲ್ಹಾರದ ಉದ್ದನೆಯ ಸೇತುವೆ, ಕೆಳಗೆ ಹಿನ್ನೀರು ಕಣ್ಣು ಮುಟ್ಟುವವರೆಗೆ. ನಾನು ಎಪ್ಪತ್ತರಲ್ಲಿದ್ದೆ. ಅಕ್ಕ ಒಮ್ಮೆಲೇ "ನಿಲ್ಸು ನಿಲ್ಸು, ವಾಂತಿ ಬರಾಕತ್ತೈತಿ" ಎಂದು ಕೂಗಿದಳು. ಸೇತುವೆ ದಾಟಿ ನಿಲ್ಲಿಸಿದೆ, ಅವಳು ಕಿಟಕಿಯಿಂದ ಹೊರಗೆ ಬಾಗಿದಳು. ಅಂದಿನಿಂದ ನಲವತ್ತೈದು. ಇದನ್ನು ನಾನು ನಂಟರಿಷ್ಟರಿಗೆಲ್ಲ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

"ಹುಚ್ಚಪ್ಯಾಲಿ" ಎಂದಳು ಅಕ್ಕ, ಅಂಗಡಿಯವರ ಮುಂದೆಯೇ. "ಅವತ್ತ ಹಿಂದ ಲಾರಿ ಬಂದಿತ್ತು. ನಿನ್ನ ಕೈ ಗಡಗಡ ನಡಗಾಕತ್ತಿದ್ವು. ಮಾರಿ ಬಿಳೀ ಆಗಿತ್ತು. ಹೆದರಬ್ಯಾಡ ಅಂದ್ರ ನಿನಗ ಸಿಟ್ಟು. ಅದಕ ನಾ ವಾಂತಿ ಅಂದೆ."

"ನೀ ಹೊರಗ ಬಾಗಿದ್ದಿ. ನಾ ನೋಡೇನಿ."

"ಬಾಗಿದ್ದೆ. ಮೀನಾ ಹಿಡ್ಯಾವ್ರ ದೋಣಿ ನೋಡಾಕ."

"ಮತ್ತ ಬಸ್ಸಿನ್ಯಾಗ?"

"ಬಸ್ಸಿಂದು ಬ್ಯಾರೆ. ಅಲ್ಲಿ ಡೀಸಲ್ ವಾಸನಿ. ಇಲ್ಲಿ ಯಾವಾಗ ವಾಂತಿ ಮಾಡೇನಿ ನಾ, ಹೇಳು. ಒಮ್ಮೆರ?"

ನಾನು ಹನ್ನೊಂದು ವರ್ಷವನ್ನು ಹಿಂದಕ್ಕೆ ತಿರುವಿ ನೋಡಿದೆ. ಒಮ್ಮೆಯೂ ಸಿಗಲಿಲ್ಲ. ಅಂಗಡಿಯವರು ಪಿನ್ನನ್ನು ಮತ್ತೆ ಬಾಗಿಸುತ್ತ, ಬಹಳ ಕೆಲಸವಿದ್ದವರ ಹಾಗೆ ತಲೆ ತಗ್ಗಿಸಿದ್ದರು. ಹೆಗಲು ಮಾತ್ರ ಕುಣಿಯುತ್ತಿತ್ತು.

"ಆ ನಿಂಬಿಹಣ್ಣು?" ಎಂದೆ ಕೊನೆಯದಾಗಿ.

"ಅದರ ವಾಸನಿ ನಿನ್ನ ಕಡೆ ಬರ್ಲಿ ಅಂತ. ನಡಿ, ಹತ್ತು."

ಅವಳು ಹೇಳಿದ್ದು ನಿಜವೇ? ಗೊತ್ತಿಲ್ಲ. ಮಗಳ ಕುಬಸಕ್ಕೆ ಮುಟ್ಟಬೇಕಾದ ತಾಯಿ ಆ ಹೊತ್ತಿಗೆ ಎಂಥ ನೆನಪನ್ನಾದರೂ ತಯಾರಿಸಿ ಕೊಟ್ಟಾಳು. ನನ್ನ ಕೈ ನಡುಗಿದ್ದು ನನಗೆ ನೆನಪಿಲ್ಲ. ನಡುಗುವ ಕೈ ಅದನ್ನೆಲ್ಲ ನೆನಪಿಟ್ಟುಕೊಳ್ಳುವುದೂ ಇಲ್ಲ. ಬಾಗೇವಾಡಿಯಲ್ಲಿ ಆ ಹೊತ್ತು ಮಾತ್ರ ಸ್ಟೇರಿಂಗಿನ ಮೇಲೆ ಅಂಗೈ ಒದ್ದೆಯಾಗಿತ್ತು, ಇದು ಖಚಿತ.

ಅಂಗಡಿಯವರು ಕಿಟಕಿಗೆ ಬಂದು, "ಐವತ್ತ ದಾಟೋವರೆಗೆ ಕಾಲು ಬಿಡಬ್ಯಾಡ್ರಿ. ನಡುವ ಹೆದರಿ ಎತ್ತಿದ್ರ ಅಲ್ಲೇ ಸಿಕ್ಕೊಳ್ತೀರಿ" ಎಂದರು. ಚಹಾ ಉಳಿದೇಹೋಯಿತು. ಬುಧವಾರ ಸೆನ್ಸರ್ ಹಾಕಿಸಲು ಬಂದಾಗ ಕುಡಿಯುವುದೆಂದಾಯಿತು.

ಮುದ್ದೇಬಿಹಾಳದ ರಸ್ತೆ. ಮೂವತ್ತು. ತಡೆಯಿತು. ಒತ್ತಿದೆ. ನಲವತ್ತು, ತಡೆ, ಚಿಮ್ಮು. ನಲವತ್ತೈದಕ್ಕೆ ಬಂದ ಕೂಡಲೇ ಕಾಲು ತಾನಾಗಿಯೇ ಮೇಲೇಳಲು ನೋಡಿತು, ಕೊಟ್ಟಿಗೆಯ ಬಾಗಿಲು ಕಂಡ ಎತ್ತಿನ ಹಾಗೆ.

"ಒತ್ತು" ಎಂದಳು ಅಕ್ಕ, ಕಣ್ಣು ಗಡಿಗೆಯ ಮೇಲೆ. "ಒತ್ತಲೇ. ಇನ್ನೂ ಒತ್ತು."

ಐವತ್ತೈದು. ಅರವತ್ತು. ಆಮೇಲೆ ಕಾರು ಸದ್ದಿಲ್ಲದೆ ಓಡತೊಡಗಿತು. ಅಷ್ಟು ನಯ ಅದಕ್ಕಿದೆ ಎಂದು ನನಗೆ ಗೊತ್ತಿರಲಿಲ್ಲ. ಅರವತ್ತೈದರಲ್ಲಿ ಎದುರಿನಿಂದ ಒಂದು ಟ್ರ್ಯಾಕ್ಟರು ಬಂತು, ದಾಟಿತು, ಏನೂ ಆಗಲಿಲ್ಲ. ನನಗೆ ಬೆವರು ಬಂದಿತ್ತು. ಅಕ್ಕ ಸ್ವಲ್ಪ ದೂರ ಹೋದ ಮೇಲೆ ಯಾವುದೋ ಸೋಬಾನೆ ಪದವನ್ನು ಗೊಣಗತೊಡಗಿದಳು, ಅದೂ ಅರ್ಧಕ್ಕೆ ನಿಂತಿತು. ತಿರುಗಿ ನೋಡಿದರೆ ಗಡಿಗೆ ತಬ್ಬಿಕೊಂಡು ನಿದ್ದೆ ಹೋಗಿದ್ದಳು. ಅಥವಾ ನಿದ್ದೆಯಂತೆ ನಟಿಸುತ್ತಿದ್ದಳು. ಇನ್ನು ಮೇಲೆ ಅವಳ ಯಾವುದನ್ನೂ ನಾನು ಹಾಗೇ ನಂಬುವಂತಿಲ್ಲ.

ಸಂಜೆಯ ಮೊದಲೇ ಮುಟ್ಟಿದೆವು. ಮಗಳು ಹಂದರದ ಕೆಳಗೆ ನಿಂತಿದ್ದಳು, ಕೈ ಸೊಂಟದ ಮೇಲೆ. ಅವಳ ಅತ್ತೆ ಹೊಸ್ತಿಲಿಗೆ ನೀರು ಹಾಕಿದರು. ಅಕ್ಕ ಮೊದಲ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಗಡಿಗೆಯನ್ನು ಕಂಕುಳಿಗೆ ಸೇರಿಸಿಕೊಂಡು, ಬಲಗಾಲಿಟ್ಟು ಒಳಗೆ ಹೋದಳು. ಮೊಸರಿನ ಕೆನೆ ಒಂದು ಕಡೆ ಮಾತ್ರ ಸೀಳಿತ್ತು.

ಮಗಳು ಅವಳ ಹಿಂದೆಯೇ ಹೋಗುತ್ತ ಕೇಳಿದಳು, "ಯವ್ವಾ, ದಾರಿಯಾಗ ವಾಂತಿ ಆತೇನ?"

"ನನಗೆಲ್ಲಿಂದ?" ಒಳಗಿನಿಂದ ಅಕ್ಕನ ದನಿ. "ನಿಮ್ಮ ಮಾಮಾನ ಮಾರಿ ನೋಡು."

ಮಗಳು ತಿರುಗಿ ನನ್ನ ಮುಖ ನೋಡಿ ನಕ್ಕಳು. ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಅಂಗಿಯ ಜೇಬಿಗೆ ಕೈ ಹಾಕಿದೆ. ನಿಂಬೆಹಣ್ಣು ಸಿಕ್ಕಿತು. ಅಕ್ಕ ಅದನ್ನು ಯಾವಾಗ ಅಲ್ಲಿ ಹಾಕಿದಳೋ ನನಗೆ ನೆನಪಿಲ್ಲ.